ಅವರಿಗೆ ಫುಟ್‌ಬಾಲು, ನಮಗೆ ಜಾತ್ರೆ ಬಯಲು

ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು ನಲವತ್ತು ಕಿಲೋಮೀಟರು. ಅಲ್ಲಿಯ ಶಾಹೂ ಸ್ಟೇಡಿಯಂನಲ್ಲಿ ಮ್ಯಾಚು ಅಂದರೆ ಪೇಠೆ-ಪೇಠೆಗಳ ಜಿದ್ದು. ಕ್ಲಬ್ಬುಗಳ ಹೆಸರು ಕೇಳ್ರಿ: ಪಾಟಾಕಡೀಲ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್. ಎಲ್ಲಾ ಮೂಲದಲ್ಲಿ ಕುಸ್ತಿ ಗರಡಿಗಳೇ. ಮಟ್ಟಿ ಮಣ್ಣು ಮೆತ್ತಿಕೊಂಡ ಓಣಿಗಳೇ ಚೆಂಡು ಒದೆಯಲೂ ಇಳಿದವು. ಜಿದ್ದು ಹೊಡೆದಾಟಕ್ಕೆ ಹೋದದ್ದೂ ಉಂಟು, ಮುಚ್ಚಿಡೋದೇನು? ಆದರೂ ಅದೇ ಸೀಮೆಯ ಅನಿಕೇತ್ ಜಾಧವ್ 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರ ಆಡಿದ.

ಆ ಸ್ಟೇಡಿಯಂ ನೋಡಿಕೊಳ್ಳೋದು ಕೊಲ್ಲಾಪುರ ಸ್ಪೋರ್ಟ್ಸ್ ಅಸೋಸಿಯೇಷನ್. ಮೈದಾನ ಕೆಟ್ಟರೆ ಯಾರ ಬಾಗಿಲು ಬಡಿಯಬೇಕೆಂದು ಆಟಗಾರನಿಗೆ ಗೊತ್ತು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಗರಡಿಗೇನು ಬರವೇ? ಬರ ಇರೋದು ಬಯಲಿಗೆ. ನಮ್ಮಲ್ಲಿ ಊರ ಮೈದಾನ ಅಂದರೆ ಜಾತ್ರೆ, ಸರ್ಕಸ್ಸು, ಇಲೆಕ್ಷನ್ ಸಭೆ. ಪೆಂಡಾಲು ಕಿತ್ತ ಮೇಲೆ ಗುಂಡಿ ಮುಚ್ಚುವವರಿಲ್ಲ. ಓಡಿದ ಹುಡುಗನ ಕಾಲು ಉಳಿದರೆ ಪುಣ್ಯ. ಗ್ಯಾಲರಿ ಕಟ್ಟುವ ಮಾತು ಆಮೇಲೆ ನೋಡೋಣ. ವಾರಕ್ಕೆರಡು ಸಂಜೆ ಬಯಲು ಆಟಕ್ಕೇ ಮೀಸಲು ಎಂದು ಠರಾವು ಮಾಡಲು ಪುರಸಭೆಗಳಿಗೆ ಬೀಳುವ ಖರ್ಚಾದರೂ ಎಷ್ಟು? ಗುಂಡಿಗೆ ನಾಲ್ಕು ಬುಟ್ಟಿ ಮಣ್ಣು. ಸುತ್ತಲಿನ ಚಹಾದಂಗಡಿಯವರಿಗೂ ಆ ಸಂಜೆ ನಾಲ್ಕು ಕಾಸು ವ್ಯಾಪಾರ ಆದೀತು.