ದೈತ್ಯಮರಗಳ ಕಾಡಿನಲ್ಲಿ ಯಾರಿಗೆ ಏನು ಗೊತ್ತಿತ್ತು?

ಬೆನ್ನಟ್ಟಿ ಬರುತ್ತಿರುವವಳು 14 ಮೀಟರ್ ಎತ್ತರದ ರಾಕ್ಷಸಿ. ಬಲಗಡೆಯ ಪಡೆ ಆಗಲೇ ನಾಶವಾಗಿದೆ. ಬುದ್ಧಿ ಇರುವ ಯಾವ ದಂಡನಾಯಕನಾದರೂ ಕುದುರೆಗಳನ್ನು ಹಿಂದಕ್ಕೆ ತಿರುಗಿಸಿ ಊರ ಗೋಡೆ ಸೇರಿಕೊಳ್ಳುತ್ತಿದ್ದ. ಎರ್ವಿನ್ ಸ್ಮಿತ್ ಮಾತ್ರ ತನ್ನ ಸೈನ್ಯದ ನಡುಸಾಲನ್ನು ಒಂದು ಕಾಡಿನೊಳಗೆ ನುಗ್ಗಿಸಿ, ಉಳಿದವರನ್ನು ಕಾಡಿನಂಚಿನ ಮರ ಹತ್ತಿಸಿ ನಿಲ್ಲಿಸಿದ. ಯಾಕೆ?

‘ಅಟ್ಯಾಕ್ ಆನ್ ಟೈಟನ್’ ಎಂಬ ಜಪಾನಿ ಅನಿಮೆ ನೋಡಿದ ಹುಡುಗರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು. ನನ್ನ ಅಕ್ಕನ ಮಗನೂ ಕೇಳಿದ. “ಮಾಮ, ನೀವು ಲಾಯರಲ್ವಾ, ಆ ಎರ್ವಿನ್‌ಗೆ ತಲೆ ಕೆಟ್ಟಿದೆಯೋ ಇಲ್ವೋ ನೀವೇ ಹೇಳಿ” ಅಂದ. ಕೇಸು ಒಪ್ಪಿಕೊಂಡ ಮೇಲೆ ಕಡತ ಓದಲೇಬೇಕಲ್ಲ. ಮೊದಲ ಸೀಸನ್ನಿನ 17ನೇ ಕಂತಿನಿಂದ 22ರವರೆಗೆ ಕೂತು ನೋಡಿದೆ. ನನ್ನ ವೃತ್ತಿಯಲ್ಲಿ ಏನು ನಡೆಯಿತು ಎನ್ನುವುದಕ್ಕಿಂತ, ಯಾರಿಗೆ ಯಾವಾಗ ಏನು ಗೊತ್ತಿತ್ತು ಎನ್ನುವುದರ ಮೇಲೆ ಕೇಸು ನಿಲ್ಲುವುದು ಹೆಚ್ಚು. ಈ ಕಾಡಿನ ಕತೆಯೂ ಅದೇ ಜಾತಿಯದು.

ನೋಡದವರಿಗೆ ಸ್ವಲ್ಪ ಹಿನ್ನೆಲೆ. ಹಜಿಮೆ ಇಸಾಯಾಮಾ 2009ರಲ್ಲಿ ಶುರುಮಾಡಿ 2021ರಲ್ಲಿ ಮುಗಿಸಿದ ಚಿತ್ರಕಥೆ ಇದರ ಮೂಲ. ಅನಿಮೆಯ ಮೊದಲ 25 ಕಂತುಗಳು 2013ರಲ್ಲಿ ಬಂದವು. ಮನುಷ್ಯರನ್ನು ತಿನ್ನುವ ಟೈಟನ್‌ಗಳೆಂಬ ದೈತ್ಯರಿಗೆ ಹೆದರಿ, ಅಳಿದುಳಿದ ಜನ 50 ಮೀಟರ್ ಎತ್ತರದ ಮೂರು ಸುತ್ತಿನ ಗೋಡೆಗಳೊಳಗೆ ಬದುಕುತ್ತಿದ್ದಾರೆ. ಐದು ವರ್ಷದ ಹಿಂದೆ ಹೊರಗೋಡೆಯ ಬಾಗಿಲು ಒಡೆದಿದೆ. ಎರೆನ್ ಎಂಬ ಹುಡುಗನಿಗೆ ತಾನೇ ಟೈಟನ್ ಆಗುವ ಶಕ್ತಿ ಇರುವುದು ಈಚೆಗೆ ಬಯಲಾಗಿದೆ. ಅವನನ್ನು ಕರೆದುಕೊಂಡು ಎರ್ವಿನ್‌ನ ಸ್ಕೌಟ್ ದಳ ಗೋಡೆಯಾಚೆ ಹೊರಟಿದೆ. ದಾರಿ ನೋಡಿಕೊಂಡು ಬರುವುದಕ್ಕೆ ಎಂದು ಎಲ್ಲರಿಗೂ ಹೇಳಲಾಗಿದೆ.

ಅವರು ಹೊರಡುವ ಕ್ರಮವೇ ಚೆನ್ನಾಗಿದೆ. ವೈರ್‌ಲೆಸ್ ಇಲ್ಲದ ಲೋಕ. ಸವಾರರು ಒಬ್ಬರಿಗೊಬ್ಬರು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಬಯಲಿನ ತುಂಬ ಹರಡಿಕೊಂಡು ಓಡುತ್ತಾರೆ. ಅಂಚಿನಲ್ಲಿದ್ದವನಿಗೆ ಟೈಟನ್ ಕಂಡರೆ ಕೆಂಪು ಹೊಗೆ ಹಾರಿಸಬೇಕು, ಅದನ್ನು ಕಂಡ ಪಕ್ಕದವನೂ ಹಾರಿಸಬೇಕು. ಹೀಗೆ ಸುದ್ದಿ ಮುಂದಿರುವ ಎರ್ವಿನ್‌ಗೆ ಮುಟ್ಟುತ್ತದೆ. ಅವನು ಹಸಿರು ಹೊಗೆ ಹಾರಿಸಿದ ದಿಕ್ಕಿಗೆ ಇಡೀ ದಳ ತಿರುಗುತ್ತದೆ. ವಿಚಿತ್ರವಾಗಿ ವರ್ತಿಸುವ ಟೈಟನ್ ಬಂದರೆ ಕಪ್ಪು ಹೊಗೆ. ಕಾದಾಡುವುದಲ್ಲ, ತಪ್ಪಿಸಿಕೊಂಡು ಹೋಗುವುದೇ ಈ ವ್ಯೂಹದ ಉದ್ದೇಶ.

ಅಂಥ ವ್ಯೂಹವನ್ನು ಆ ಹೆಣ್ಣು ಟೈಟನ್ ಬಲಗಡೆಯಿಂದ ಸೀಳಿಕೊಂಡು ಬಂದಳು. ಇಲ್ಲಿ ಒಂದು ದೃಶ್ಯವಿದೆ, ನಾನು ನಿಲ್ಲಿಸಿ ಮತ್ತೆ ನೋಡಿದ್ದು. ಎರೆನ್‌ನ ಗೆಳೆಯ ಆರ್ಮಿನ್ ಕುದುರೆಯಿಂದ ಬಿದ್ದಿದ್ದಾನೆ. ಅವಳು ಬಗ್ಗಿ, ಎರಡು ಬೆರಳಿನಲ್ಲಿ ಅವನ ಮುಸುಕನ್ನು ಎತ್ತಿ, ಮುಖ ನೋಡಿ, ಬಿಟ್ಟು ಹೋಗುತ್ತಾಳೆ. ತಿನ್ನುವುದಿಲ್ಲ, ತುಳಿಯುವುದೂ ಇಲ್ಲ. ತನ್ನ ತಂಟೆಗೆ ಬಂದವರನ್ನೆಲ್ಲ ಹೊಸಕಿ ಹಾಕಿದವಳು ಒಬ್ಬನ ಮುಖ ನೋಡಿ ಬಿಡುತ್ತಾಳೆಂದರೆ ಅವಳು ಯಾರನ್ನೋ ಹುಡುಕುತ್ತಿದ್ದಾಳೆ, ಮತ್ತು ಆ ದೇಹದೊಳಗೆ ಒಬ್ಬ ಮನುಷ್ಯ ಇದ್ದಾನೆ. ಆರ್ಮಿನ್‌ಗೆ ಇದು ತಕ್ಷಣ ಹೊಳೆಯುತ್ತದೆ. ಹುಡುಕುತ್ತಿರುವುದು ಎರೆನ್‌ನನ್ನೇ ಇರಬೇಕು.

ಹಾಗಾದರೆ ಅವಳು ಬಲಗಡೆ ಯಾಕೆ ಹುಡುಕಿದಳು? ಎರೆನ್ ಇದ್ದದ್ದು ನಡುಸಾಲಿನ ಹಿಂದೆ, ದಳದ ಅತಿ ಭದ್ರವಾದ ಜಾಗದಲ್ಲಿ. ಉತ್ತರ ಇರುವುದು ಹೊರಡುವ ಮುಂಚೆ ಹಂಚಿದ ನಕ್ಷೆಗಳಲ್ಲಿ. ಆರ್ಮಿನ್ ಜೊತೆಯವರನ್ನು ವಿಚಾರಿಸಿದರೆ ಒಬ್ಬೊಬ್ಬರ ನಕ್ಷೆಯಲ್ಲೂ ಎರೆನ್ ಒಂದೊಂದು ಕಡೆ ಇದ್ದಾನೆ! ಕಚೇರಿಯಿಂದ ಗುಟ್ಟು ಸೋರುತ್ತಿದೆ ಎಂಬ ಅನುಮಾನ ಬಂದಾಗ ಬೇರೆ ಬೇರೆಯವರಿಗೆ ಬೇರೆ ಬೇರೆ ಸುಳ್ಳು ಹೇಳಿ, ಯಾವ ಸುಳ್ಳು ಹೊರಗೆ ಬರುತ್ತದೆ ಎಂದು ಕಾಯುವ ಹಳೆಯ ಉಪಾಯ. ಗೋಡೆ ಒಡೆದ ಹೊತ್ತಿಗೇ ಶತ್ರುಗಳು ಒಳಗೆ ಸೇರಿಕೊಂಡಿದ್ದಾರೆ ಎಂದು ಎರ್ವಿನ್ ಊಹಿಸಿದ್ದ. ಆದ್ದರಿಂದ ಐದು ವರ್ಷಕ್ಕೆ ಮುಂಚಿನಿಂದ ದಳದಲ್ಲಿದ್ದು ಬದುಕಿ ಉಳಿದವರಿಗೆ ಮಾತ್ರ ನಿಜವಾದ ಯೋಜನೆ ತಿಳಿಸಿದ. ದಾರಿ ನೋಡುವುದು ನೆಪ. ನಿಜವಾದ ಕೆಲಸ ಎರೆನ್‌ನನ್ನು ಎರೆಯಾಗಿಟ್ಟು ಆ ಒಳಶತ್ರುವನ್ನು ಹಿಡಿಯುವುದು.

ಕಾಡು ಬೇಕಾದದ್ದು ಅದಕ್ಕೇ. ಸೈನಿಕರು ಸೊಂಟದ ಯಂತ್ರದಿಂದ ಉಕ್ಕಿನ ತಂತಿ ಹಾರಿಸಿ, ಅದು ಕಚ್ಚಿಕೊಂಡ ಕಡೆಗೆ ತಾವೂ ಹಾರುತ್ತಾರೆ. ಬಯಲಿನಲ್ಲಿ ತಂತಿ ಕಚ್ಚುವುದಕ್ಕೆ ಏನಿದೆ? ಈ ಕಾಡಿನ ಮರಗಳೋ ಟೈಟನ್‌ಗಳಿಗಿಂತ ಎಷ್ಟೋ ಎತ್ತರ. ದಾರಿ ಇಕ್ಕಟ್ಟು, ಓಡುವವಳು ಅದೇ ದಾರಿಯಲ್ಲಿ ಬರಲೇಬೇಕು. ಆ ದಾರಿಯ ಎರಡೂ ಬದಿ ಎರ್ವಿನ್ ಬಲೆ ಹೂಡಿಟ್ಟಿದ್ದ. ಗಾಡಿಯಲ್ಲಿ ತಂದ ಪೀಪಾಯಿಗಳಿಂದ ಒಂದೇ ಸಲ ನೂರಾರು ಕೊಕ್ಕೆತಂತಿಗಳು ಹಾರಿ ಅವಳನ್ನು ನಿಂತಲ್ಲೇ ಬಿಗಿದವು. ಕಾಡಿನಂಚಿನವರ ಕೆಲಸ, ಬೇರೆ ಟೈಟನ್‌ಗಳು ಒಳಗೆ ಬಾರದಂತೆ ನೋಡಿಕೊಳ್ಳುವುದು. ಯಾಕೆಂದು ಅವರಿಗೆ ಹೇಳಿರಲಿಲ್ಲ.

ಇಲ್ಲಿಯವರೆಗೆ ಎರ್ವಿನ್ ಪರ ವಕಾಲತ್ತು ಹಾಕಲು ನನಗೆ ಅಡ್ಡಿಯಿಲ್ಲ. ಮುಂದಿನದು ಕಷ್ಟ.

ಬಲೆಯಲ್ಲಿ ಸಿಕ್ಕವಳು ಟೈಟನ್‌ಗಳ ಮರ್ಮಸ್ಥಾನವಾದ ಹಿಂಗತ್ತಿಗೆ ಕೈ ಅಡ್ಡ ಹಿಡಿದು, ಆ ಕೈಯನ್ನು ಹರಳಿನಂತೆ ಗಟ್ಟಿ ಮಾಡಿಕೊಂಡಳು. ದಳದ ಅತಿ ನುರಿತ ಸೈನಿಕ, ಲೀವೈಯಂಥ ಲೀವೈಯ ಕತ್ತಿಯೂ ಮುರಿಯಿತು. ಆಮೇಲೆ ಅವಳು ಕಿರುಚಿದಳು. ಕಾಡಿನ ಸುತ್ತ ಇದ್ದ ಟೈಟನ್‌ಗಳೆಲ್ಲ ಮುನ್ನುಗ್ಗಿ ಬಂದು ಅವಳ ದೇಹವನ್ನೇ ತಿಂದು ಹಾಕಿದವು. ಹುಡುಗರ ಎರಡನೇ ಪ್ರಶ್ನೆ ಇಲ್ಲಿ ಏಳುತ್ತದೆ: ತಿಂದು ಮುಗಿಸಿದ ಮೇಲೆ ಅವಳು ತಪ್ಪಿಸಿಕೊಂಡದ್ದು ಹೇಗೆ? ದೇಹ ಕರಗುವಾಗ ಏಳುವ ಹಬೆಯ ಮರೆಯಲ್ಲಿ ಒಳಗಿನ ವ್ಯಕ್ತಿ ಹೊರಬಿದ್ದಿರಬೇಕು. ಸೈನಿಕರ ಉಡುಪನ್ನೂ ಯಂತ್ರವನ್ನೂ ಮೊದಲೇ ತೊಟ್ಟಿದ್ದರೆ ಗುಂಪಿನಲ್ಲಿ ಬೆರೆತುಬಿಡಬಹುದು. ಆದರೆ ಎರೆನ್ ಟೈಟನ್ ದೇಹದಿಂದ ಹೊರಬಂದಾಗ ಅವನ ಯಂತ್ರ ಹಾಳಾಗಿತ್ತಲ್ಲ? ದಳದ ಅಧಿಕಾರಿ ಹಾಂಜಿ ಈ ಆಕ್ಷೇಪ ಎತ್ತುತ್ತಾರೆ. ಎರೆನ್‌ಗೆ ಬಾರದ ವಿದ್ಯೆಗಳು ಅವಳಿಗೆ ಬರುತ್ತವೆ, ಕಿರುಚಿ ಕರೆಯಲಿಲ್ಲವೇ, ಇದೂ ಬಂದೀತು ಎನ್ನುವುದು ಎರ್ವಿನ್‌ನ ಸಮಾಧಾನ. ಕಥೆಗೆ ಸಾಕು. ಕೋರ್ಟಿನಲ್ಲಾದರೆ ಪಾಟೀಸವಾಲಿಗೆ ನಿಲ್ಲುತ್ತಿರಲಿಲ್ಲ.

ಎರೆನ್‌ನ ಕಾವಲಿಗಿದ್ದ ಲೀವೈಯ ನಾಲ್ವರು, ಗುಂಟರ್, ಎಲ್ಡ್, ಪೆಟ್ರಾ, ಓಲುವೊ, ಕೆಲಸ ಮುಗಿಯಿತೆಂಬ ಖುಷಿಯಲ್ಲಿ ವಾಪಸು ಹೊರಟಿದ್ದರು. ಮುಸುಕು ಹಾಕಿದ ಒಬ್ಬರು ಮರಗಳ ನಡುವೆ ಹಾರಿ ಬಂದಾಗ ಲೀವೈ ಇರಬೇಕೆಂದುಕೊಂಡರು. ಗುಂಟರ್ ಮೊದಲು ಸತ್ತ. ಮತ್ತೆ ಟೈಟನ್ ಆಗಿ ನಿಂತವಳ ಎರಡೂ ಕಣ್ಣನ್ನು ಉಳಿದ ಮೂವರು ಕುರುಡು ಮಾಡಿದರು. ಅವು ಕೂಡುವುದಕ್ಕೆ ಒಂದು ನಿಮಿಷವಾದರೂ ಬೇಕೆಂಬುದು ಅವರ ಲೆಕ್ಕ, ಸರಿಯಾದ ಲೆಕ್ಕವೇ. ಅವಳು ಎರಡನ್ನು ಬಿಟ್ಟು ಒಂದೇ ಕಣ್ಣಿಗೆ ಶಕ್ತಿಯನ್ನೆಲ್ಲ ಹರಿಸಿ ಅರ್ಧ ನಿಮಿಷದೊಳಗೆ ನೋಟ ಪಡೆದುಕೊಂಡಳು. ಮೂವರೂ ಸತ್ತರು. ಇಷ್ಟು ನುರಿತವರು ಇಷ್ಟು ಬೇಗ ಹೇಗೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಆ ಒಂದು ಕಣ್ಣು. ಸ್ವಲ್ಪ ಮುಂಚೆ ಎರೆನ್ ಟೈಟನ್ ಆಗಿ ಕಾದಾಡುತ್ತೇನೆಂದು ಕೈ ಕಚ್ಚಲು ಹೊರಟವನು, ಇವರನ್ನು ನಂಬಿ ಸುಮ್ಮನಾಗಿದ್ದ ಎನ್ನುವುದು ಇನ್ನೂ ಹೊಟ್ಟೆ ಉರಿಸುತ್ತದೆ.

ನನ್ನ ತೀರ್ಪು ಅಕ್ಕನ ಮಗನಿಗೆ ಅಷ್ಟು ರುಚಿಸಲಿಲ್ಲ. ಬಲೆ ಬೀಳುವವರೆಗೆ ಗುಟ್ಟು ಕಾಯ್ದದ್ದು ಸರಿ. ಗೊತ್ತಿದ್ದವರು ಒಬ್ಬರು ಹೆಚ್ಚಾದರೂ ಅವಳು ಕಾಡಿಗೇ ಬರುತ್ತಿರಲಿಲ್ಲ. ಆದರೆ ಬಲೆ ಬಿದ್ದ ಮೇಲೆ ಯಾರಿಂದ ಮುಚ್ಚಿಡುವುದಿತ್ತು? ಒಳಗಿನ ವ್ಯಕ್ತಿ ಕೈಗೆ ಸಿಗುವವರೆಗೆ ಮುಸುಕಿನವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡಿ ಎಂಬ ಒಂದು ಮಾತು ಆ ನಾಲ್ವರಿಗೆ ಹೋಗಿದ್ದರೆ ಸಾಕಿತ್ತು. ಯಂತ್ರಕ್ಕೆ ಗ್ಯಾಸು, ಕತ್ತಿ ತುಂಬಿಸಿಕೊಂಡು ಹೋಗೆಂದು ಲೀವೈಯನ್ನು ತಡೆದ ಎರ್ವಿನ್‌ಗೆ ಅಪಾಯದ ವಾಸನೆ ಆಗಲೇ ಹತ್ತಿತ್ತು. ಎಚ್ಚರಿಕೆ ಮಾತ್ರ ಮುಂದಕ್ಕೆ ಹೋಗಲಿಲ್ಲ.

“ಹಾಗಂತ ಎರ್ವಿನ್‌ಗೆ ಶಿಕ್ಷೆ ಕೊಡ್ತೀರಾ?” ಅಂದ ಹುಡುಗ. ಅದನ್ನು ಅವರ ಸರ್ಕಾರವೇ ನೋಡಿಕೊಂಡಿತು: ದಳ ಸೋತು ಮರಳಿದ ಮೇಲೆ ಎರ್ವಿನ್‌ಗೆ ರಾಜಧಾನಿಯಿಂದ ಕರೆ ಬಂತು, ಎರೆನ್‌ನನ್ನು ಒಪ್ಪಿಸಬೇಕೆಂದೂ ತೀರ್ಮಾನವಾಯಿತು. ಆ ಹೆಣ್ಣು ಯಾರು ಎನ್ನುವುದು 23ನೇ ಕಂತಿನಲ್ಲಿದೆ, ನಾನು ಹೇಳುವುದಿಲ್ಲ. ಎರೆನ್‌ನ ಅಡ್ಡಹೆಸರು ಕಿವಿಗೆ ಬಿದ್ದಾಗ ಅವಳು ಒಂದು ಕ್ಷಣ ತಡೆದು ನಿಲ್ಲುವುದನ್ನು 17ರಲ್ಲಿ ಗಮನಿಸಿದವರಿಗೆ ಅಲ್ಲಿಯವರೆಗೆ ಕಾಯುವ ಅಗತ್ಯವೂ ಇರುವುದಿಲ್ಲ.