ಧನಕವಡಿಯ ಮೆಸ್ಸು, ಗಾಡಿ, ರೊಟ್ಟಿ

ಬೆಳಗಾವಿ ಕಡೆಯಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ‘ಕಾತ್ರಜ್, ಕಾತ್ರಜ್’ ಎಂದು ಕೂಗಿದನೆಂದರೆ ಪುಣೆ ಬಂತು ಎಂದೇ ಲೆಕ್ಕ. ಅಲ್ಲಿಂದ ಸ್ವಾರಗೇಟಿನ ಕಡೆಗೆ ಸಾತಾರಾ ರಸ್ತೆ ಹಿಡಿದರೆ ಎಡಗಡೆ ಹಬ್ಬಿಕೊಂಡಿರುವುದು ಧನಕವಡಿ. ಭಾರತಿ ವಿದ್ಯಾಪೀಠದ ಕಾಲೇಜುಗಳು, ಆಸ್ಪತ್ರೆ, ಮುಂದೆ ಶಂಕರ ಮಹಾರಾಜರ ಮಠ. ಹಿಂದೆ ಹಳ್ಳಿಯಾಗಿದ್ದ ಊರು. ಈಗ ಅದರ ಓಣಿಗಳಲ್ಲಿ ಮನೆಗೊಂದು ಪೇಯಿಂಗ್ ಗೆಸ್ಟ್ ಬೋರ್ಡು, ಬೋರ್ಡಿಗೊಂದು ಮೆಸ್ಸು.

ನನ್ನ ಅಕ್ಕನ ಮಗ ಇಲ್ಲೇ ಓದುತ್ತಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಅವನೂ ಅವನ ಕೋಣೆಯ ಇಬ್ಬರು ಗೆಳೆಯರೂ ವಾಂತಿ ಮಾಡಿಕೊಂಡು ಮಲಗಿದ್ದರು. ಅಕ್ಕನಿಗೆ ಗಾಬರಿ. ‘ಗಾಡಿ ಮ್ಯಾಲಿಂದು ತಿನಬ್ಯಾಡ ಅಂದ್ರ ಕೇಳೂದಿಲ್ಲ’ ಎಂದು ಫೋನಿನಲ್ಲೇ ಅತ್ತಳು. ನೋಡಿಕೊಂಡು ಬಾ ಎಂದು ನನ್ನನ್ನು ಅಟ್ಟಿದಳು.

‘ಗಾಡೀದಲ್ಲ ಮಾಮಾ’ ಎಂದ ಹುಡುಗ. ‘ಅವತ್ತ ನಾ ಎರಡು ವಡಾಪಾವ್ ತಿಂದಿದ್ದೆ, ಏನೂ ಆಗಲಿಲ್ಲ. ರಾತ್ರಿ ಮೆಸ್ಸಿನ್ಯಾಗ ಫ್ರೈಡ್ ರೈಸ್ ಉಂಡ್ವಿ. ಎರಡು ತಾಸಿನ್ಯಾಗ ಮೂರೂ ಮಂದಿ ಬಾತ್‌ರೂಮಿಗೆ ಪಾಳಿ ಹಚ್ಚಿದ್ವಿ.’

ಎರಡು ತಾಸು ಎಂಬ ಮಾತು ಕಿವಿಗೆ ಬಿತ್ತು. ಊಟವಾದ ಒಂದರಿಂದ ಐದಾರು ತಾಸಿನೊಳಗೆ ಬರೀ ವಾಂತಿ, ಅದೂ ಅನ್ನ ತಿಂದ ಮೇಲೆ ಎಂದರೆ ಮೊದಲ ಅನುಮಾನ ಬ್ಯಾಸಿಲಸ್ ಸೀರಿಯಸ್ ಮೇಲೆ. ಮಣ್ಣಿನಿಂದ ಅಕ್ಕಿಗೆ ಬರುವ ಬ್ಯಾಕ್ಟೀರಿಯಾ ಅದು. ಅದರ ಬೀಜಾಣುಗಳು ಅನ್ನ ಕುದಿಯುವಾಗ ಸಾಯುವುದಿಲ್ಲ. ಅನ್ನವನ್ನು ಹಾಗೇ ಪಾತ್ರೆಯಲ್ಲಿ ಬಿಟ್ಟರೆ ಉಗುರುಬೆಚ್ಚಗಿನಲ್ಲಿ ಮೊಳೆತು, ಹೆಚ್ಚಿ, ವಿಷ ಮಾಡಿಡುತ್ತವೆ. ರಾತ್ರಿ ಅದೇ ಅನ್ನವನ್ನು ಕಡಾಯಿಗೆ ಹಾಕಿ ಹೊಗೆಯೇಳುವಂತೆ ಹುರಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ‘ಬಿಸಿ ಬಿಸಿ ತಿಂದ್ವಿ’ ಎಂದು ಹುಡುಗರು ಮತ್ತೆ ಮತ್ತೆ ಹೇಳುತ್ತಿದ್ದರು. ಬಿಸಿ ಮಾಡಿದ್ದು ಯಾವಾಗ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಬೇಯಿಸಿದ್ದು ಯಾವಾಗ ಎಂಬುದೇ ಮುಖ್ಯ.

ಸಂಜೆ ಅವನನ್ನೇ ಮುಂದಿಟ್ಟುಕೊಂಡು ಹೊರಟೆ.

ಮೊದಲು ಅವನ ವಡಾಪಾವ್ ಗಾಡಿ. ಕಡಾಯಿಯಲ್ಲಿ ಎಣ್ಣೆ ಮರಳುತ್ತಿದೆ, ವಡೆ ನೇರ ಎಣ್ಣೆಯಿಂದ ಪಾವಿಗೆ, ಪಾವಿನಿಂದ ಕೈಗೆ. ಬೆಂದದ್ದಕ್ಕೂ ಬಾಯಿಗೂ ನಡುವೆ ಐದು ನಿಮಿಷವೂ ಇಲ್ಲ, ಕ್ರಿಮಿಗಳಿಗೆ ಪುರುಸೊತ್ತೇ ಸಿಗುವುದಿಲ್ಲ. ಒಣ ಬೆಳ್ಳುಳ್ಳಿ ಚಟ್ನಿಪುಡಿಗೂ ಹೆದರಬೇಕಿಲ್ಲ, ನೀರಿಲ್ಲದ ಕಡೆ ಅವು ಬೆಳೆಯವು. ನನ್ನ ಕಣ್ಣು ಬಿದ್ದದ್ದು ಪಕ್ಕದ ಸ್ಟೀಲ್ ಡಬ್ಬಿಯ ಹಸಿರು ಚಟ್ನಿಯ ಮೇಲೆ. ಹಸಿ ಕೊತ್ತಂಬರಿ, ನಲ್ಲಿ ನೀರು, ಬೆಂಕಿ ಕಾಣದ ಪದಾರ್ಥ, ಬೆಳಗಿನಿಂದ ಮುಚ್ಚಳವಿಲ್ಲದೆ ಕೂತಿದೆ. ಅದರೊಳಗಿನ ಚಮಚದ ಹಿಡಿಕೆಯೂ ಚಟ್ನಿಯಲ್ಲೇ ಮುಳುಗಿತ್ತು. ಗಾಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆರಳನ್ನು ಸೊಂಟದ ಬಟ್ಟೆಗೆ ಒರೆಸಿ, ಅದೇ ಕೈಯಲ್ಲಿ ನನಗೆ ಚಿಲ್ಲರೆ ಕೊಟ್ಟ. ನಾನು ಹಸಿರು ಚಟ್ನಿ ಬಿಟ್ಟು ಒಂದು ವಡಾಪಾವ್ ತಿಂದೆ. ಚೆನ್ನಾಗಿತ್ತು. ಕಟ್ಟಿಕೊಟ್ಟದ್ದು ಮಾತ್ರ ಮರಾಠಿ ಪತ್ರಿಕೆಯ ಹಾಳೆಯಲ್ಲಿ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ನಿಷೇಧಿಸಿ ವರ್ಷಗಳಾದವು.

ಮುಂದೆ ಚೈನೀಸ್ ಗಾಡಿ. ಕೆಂಪಗೆ ಹೊಳೆಯುವ ಗೋಬಿ ಮಂಚೂರಿ ನೋಡಿ ಊರಿನ ಗದ್ದಲ ನೆನಪಾಯಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಕೂಡದೆಂದು ಆದೇಶಿಸಿತ್ತು, ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ನಿಷೇಧ ಸರಿಯೇ. ಆದರೆ ನಮ್ಮ ಭಯವೆಲ್ಲ ಬಣ್ಣದ ಮೇಲೇ ನಿಂತುಬಿಟ್ಟಿದೆ. ಬಣ್ಣ ಕೆಡುಕು ಮಾಡಿದರೂ ವರ್ಷಗಟ್ಟಲೆ ತಿಂದ ಮೇಲೆ. ಈ ಗಾಡಿಯ ಕೆಳಗೆ ನೀಲಿ ಡ್ರಮ್ಮಿನಲ್ಲಿ ಬಿಳಿಯಾಗಿ, ಪಾಪದ ಹಾಗೆ ಕೂತಿದ್ದ ಬೆಳಗಿನ ಅನ್ನ ಅದೇ ರಾತ್ರಿ ಮಲಗಿಸಬಲ್ಲದು. ಅದರ ಫೋಟೋವನ್ನು ಯಾರೂ ವಾಟ್ಸಾಪಿನಲ್ಲಿ ಹಂಚುವುದಿಲ್ಲ.

ಕಬ್ಬಿನ ಹಾಲಿನ ಗಾಡಿ ಎದುರು ಹುಡುಗ ನಿಂತ. ಗೋಣಿಚೀಲದಲ್ಲಿ ಸುತ್ತಿದ ಐಸ್ ಗಡ್ಡೆ ಫುಟ್‌ಪಾತಿನ ಮೇಲೆ. ತಿನ್ನಲು ಅಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮ 2018ರಲ್ಲಿ ಬಂದಿದೆ. ಗಡ್ಡೆ ಬೆಳ್ಳಗಿದ್ದ ಮಾತ್ರಕ್ಕೆ ಒಳ್ಳೆಯ ನೀರೆಂದು ಅರ್ಥವಲ್ಲ, ಹೆಪ್ಪುಗಟ್ಟಿದರೆ ಕ್ರಿಮಿಗಳು ಸಾಯುವುದೂ ಇಲ್ಲ. ‘ವಿದೌಟ್ ಐಸ್’ ಎಂದೆ. ಹುಡುಗ ನಕ್ಕ.

ನೀರಿನ ವಿಷಯದಲ್ಲಿ ಈ ಭಾಗದವರು ನಗುವುದು ಕಡಿಮೆ. 2025ರ ಜನವರಿಯಲ್ಲಿ ಇಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ಸಿಂಹಗಡ ರಸ್ತೆ, ಧಾಯರಿ, ನಾಂದೇಡ್ ಗ್ರಾಮ, ಕಿರ್ಕಟವಾಡಿಗಳಲ್ಲಿ ಜನರ ಕೈಕಾಲು ಸೋಲತೊಡಗಿದವು. ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ಬೀಳುವ ಕಾಯಿಲೆ. ಪ್ರಕರಣಗಳು 200 ದಾಟಿದವು, ಕೆಲವರು ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇದ್ದರು, ಸಾವುಗಳೂ ಆದವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಗಳಲ್ಲಿ ಹಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಸಿಕ್ಕಿತು, ಕೆಲವರಲ್ಲಿ ನೋರೋವೈರಸ್. ಬೆರಳು ತೋರಿದ್ದು ಬಾವಿಯ ನೀರಿನ ಕಡೆಗೆ.

ಕ್ಯಾಂಪಿಲೋಬ್ಯಾಕ್ಟರ್ ಕೋಳಿಗಳ ಕರುಳಿನಲ್ಲಿ ಅವಕ್ಕೇನೂ ತೊಂದರೆ ಕೊಡದೆ ಇರುವ ಜೀವಿ. ನಮಗೆ ಸಾಮಾನ್ಯವಾಗಿ ನಾಲ್ಕು ದಿನದ ಭೇದಿ ಕೊಟ್ಟು ಹೋಗುತ್ತದೆ. ಸಾವಿರ ಜನರಿಗೆ ತಗುಲಿದರೆ ಸುಮಾರು ಒಬ್ಬರಿಗೆ ಗಿಲಾನ್-ಬಾರೆ. ಒಬ್ಬರೇ ಎನ್ನಬಹುದು, ಆದರೆ ಒಂದೇ ಬಾವಿಯ ನೀರನ್ನು ಇಡೀ ಬಡಾವಣೆ ಕುಡಿದಾಗ ಆ ಒಬ್ಬರು ಹತ್ತಾರಾಗುತ್ತಾರೆ. ಇಷ್ಟಾದರೂ ಇದು ಬಲು ದುರ್ಬಲ ಜೀವಿ. ಕುದಿಯುವ ನೀರಿನಲ್ಲಿ ಉಳಿಯದು, ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಉಳಿಯದು, ಚೆನ್ನಾಗಿ ಬೆಂದ ಕೋಳಿಯಲ್ಲೂ ಇರದು. ಹುಡುಗರ ಕೋಣೆಯಲ್ಲಿ ಭಾನುವಾರ ಕೋಳಿ ತಂದು ನಲ್ಲಿ ಜೋರಾಗಿ ಬಿಟ್ಟು ತೊಳೆಯುತ್ತಾರಂತೆ, ಪಕ್ಕದಲ್ಲೇ ಸೌತೆಕಾಯಿ. ಶುದ್ಧವಾಗಲೆಂದು ತೊಳೆಯುವುದು. ನೀರು ಸಿಡಿದು ಆಗುವುದು ಉಲ್ಟಾ.

ಕತ್ತಲಾಗುವ ಹೊತ್ತಿಗೆ ಅವನು ಹೊಸದಾಗಿ ಹಚ್ಚಿಕೊಂಡ ಖಾನಾವಳಿಗೆ ಬಂದೆವು. ವಿಜಯಪುರ ಕಡೆಯ ಹೆಂಗಸು, ಗಂಡ ಕಟ್ಟಡದ ಕೆಲಸಕ್ಕೆ ಬಂದವನು, ಇವರು ಒಂದು ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮೂವತ್ತು ಹುಡುಗರಿಗೆ ಊಟ ಹಾಕುತ್ತಾರೆ. ಮೂಲೆಯಲ್ಲಿ ಎರಡು ಅಗಲದ ಪರಾತದಲ್ಲಿ ಅನ್ನವನ್ನು ತೆಳ್ಳಗೆ ಹರಡಿದ್ದರು.

‘ಯಾಕ್ರಿ ಅಕ್ಕಾರ, ಹಿಂಗ ಹರವೀರಿ?’

‘ಬೋಗುಣ್ಯಾಗ ಬಿಟ್ರ ನಡಬರಕ ಬೆವರತೈತ್ರಿ ಅಣ್ಣಾರ, ಹಳಸ್ತೈತಿ. ಹರವಿದ್ರ ಲಗೂನ ಆರತೈತಿ, ಫ್ರಿಜ್ಜಿನ್ಯಾಗ ಇಡಾಕ ಬರತೈತಿ. ಸಂಜೀದು ಸಂಜೀಕ ಮಾಡ್ತೀನ್ರಿ. ಇದು ನಮ್ಮನಿಯವ್ರ ಮುಂಜಾನಿ ಚಿತ್ರಾನ್ನಕ್ಕ.’

ಪಠ್ಯಪುಸ್ತಕವೂ ಹೇಳುವುದು ಇದನ್ನೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕ್ರಿಮಿಗಳ ಸುಗ್ಗಿ, ಊಟ ಆ ನಡುವಿನಲ್ಲಿ ಕಳೆಯುವ ಹೊತ್ತು ಕಡಿಮೆಯಾಗಬೇಕು. ಆಳದ ಪಾತ್ರೆಯ ನಡುಭಾಗ ತಾಸುಗಟ್ಟಲೆ ಬೆಚ್ಚಗಿರುತ್ತದೆ, ಎರಡು ಬೆರಳ ದಪ್ಪದ ಅನ್ನ ಬೇಗ ಆರುತ್ತದೆ. ರೊಟ್ಟಿಯ ವಿಷಯಕ್ಕಂತೂ ಹೋಗಲೇಬೇಕಿಲ್ಲ, ಒಣಗಿದ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುವುದು ಅದರಲ್ಲಿ ನೀರಿಲ್ಲದ್ದಕ್ಕೇ. ಗೋಡೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರ ಅಂಟಿಸಿದ್ದರು, 14 ಅಂಕಿಯ ಸಂಖ್ಯೆ, ಮೊದಲ ಅಂಕಿ 2, ಅಂದರೆ ಸಣ್ಣ ವ್ಯಾಪಾರದವರದು. ಎಣ್ಣೆ ತಾಗಿ ಹಳದಿಯಾಗಿತ್ತು. ದೊಡ್ಡ ಹೋಟೆಲಾದರೆ ಸಂಖ್ಯೆ 1ರಿಂದ ಶುರುವಾಗುತ್ತದೆ, ಬಿಲ್ಲಿನ ಮೇಲೂ ಇರಬೇಕು.

ಎರಡು ರೊಟ್ಟಿ, ಎಣ್ಣೆಗಾಯಿ, ಆಗಷ್ಟೇ ಇಳಿಸಿದ ಅನ್ನ, ಸಾರು ಉಂಡೆ. ಅಕ್ಕನಿಗೆ ಅಲ್ಲಿಂದಲೇ ಫೋನು ಹಚ್ಚಿ ಮೆಸ್ಸು ಬದಲಾಯಿತೆಂದು ಹೇಳಿದೆ. ವಡಾಪಾವ್ ಬಿಡಿಸಿದೆಯಾ ಎಂದು ಕೇಳಿದಳು. ಇಲ್ಲ ಎಂದೆ.

ಮಕ್ಕಳನ್ನು ಓದಲು ದೂರದ ಊರಿಗೆ ಬಿಟ್ಟವರು ದಿನಾ ರಾತ್ರಿ ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳುತ್ತೀರಿ. ನಾಳೆಯಿಂದ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ‘ಅನ್ನ ಯಾವಾಗ ಮಾಡಿದ್ದು?’