ಕೊಂಡ ಉತ್ತರ

ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಕೆಲವರು ಕೊಳ್ಳುವ ‘ಟೆಸ್ಟ್ ಬ್ಯಾಂಕ್’ ಎಂದರೇನು? ಪಠ್ಯಪುಸ್ತಕದ ಪ್ರಕಾಶಕರು ಅಧ್ಯಾಪಕರಿಗೆಂದೇ ಸಿದ್ಧಪಡಿಸಿದ ಪ್ರಶ್ನೋತ್ತರಗಳ ಸಂಗ್ರಹ. ವಿಶ್ವವಿದ್ಯಾಲಯದ ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸುವುದು ಅಭ್ಯಾಸ. ಇದಾದರೋ ಹಿಂಬಾಗಿಲಿನ ವ್ಯಾಪಾರ.

ಉಪಯೋಗವಾದರೂ ಉಂಟೇ? 1000 ಮಿಲಿಲೀಟರ್ ಸಲೈನನ್ನು 8 ಗಂಟೆಗಳಲ್ಲಿ ಇಳಿಸಬೇಕೆನ್ನಿ. ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆಯಾದರೆ ನಿಮಿಷಕ್ಕೆ ಸುಮಾರು 42 ಹನಿ. ಬಾಯಿಪಾಠ ಮಾಡಿದವರು 42 ಎಂದು ಬರೆದು ತೇರ್ಗಡೆಯಾದಾರು. ಆದರೆ ನಮ್ಮ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಾಗಲಿ, ಬೇರೆಡೆಯಾಗಲಿ, 15 ಹನಿಯ ನಳಿಕೆ ಕೈಗೆ ಬಂದರೆ ಸರಿಯುತ್ತರ 31. ಅಲ್ಲಿಯೂ 42 ಹನಿ ಬಿಟ್ಟರೆ, 8 ಗಂಟೆಯ ಸಲೈನು 6 ಗಂಟೆಯೊಳಗೇ ಇಳಿದುಬಿಡುತ್ತದೆ. ದುರ್ಬಲ ಹೃದಯದ ರೋಗಿ ಅದನ್ನು ತಾಳಲಾರ.

ಮಿತ್ರರೇ, ರೋಗಿಯ ಹಾಸಿಗೆಯ ಬಳಿ ಪ್ರಶ್ನೆಯ ಅಂಕಿಗಳು ಬದಲಾಗುತ್ತವೆ. ಲೆಕ್ಕದ ರೀತಿಯನ್ನು ಕಲಿತವರು ಮಾತ್ರ ಅಲ್ಲಿ ಉತ್ತರಿಸಬಲ್ಲರು.